ಹೊಸ ಇಂಡಿ, ಎಲೆಕ್ಟ್ರಾನಿಕ್ ಕಲಾವಿದರ ಜಾಡು ಹಿಡಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೊಸ ಸಂಗೀತ ಬೇಕೆಂದು ಸ್ಟ್ರೀಮಿಂಗ್ ಆ್ಯಪ್ ತೆರೆದರೆ ಬಹುಪಾಲು ಸಿಗುವುದು ಈಗಾಗಲೇ ಕೇಳಿದ್ದರ ಮರುರೂಪ. ‘ಈ ಹಾಡು ಕೇಳಿದವರು ಆ ಹಾಡನ್ನೂ ಕೇಳಿದ್ದಾರೆ’ ಎಂಬ ಲೆಕ್ಕದ ಮೇಲೆ ಅಲ್ಲಿನ ಶಿಫಾರಸು ನಿಂತಿದೆ. ಹೋದ ವಾರ ಮೊದಲ ಇಪಿ (ನಾಲ್ಕಾರು ಹಾಡಿನ ಕಿರು ಆಲ್ಬಂ) ಬಿಟ್ಟ, ಅರವತ್ತು ಜನ ಮಾತ್ರ ಕೇಳಿದ ಕಲಾವಿದೆಯ ಬಗ್ಗೆ ಅದರ ಹತ್ತಿರ ಲೆಕ್ಕವೇ ಇರುವುದಿಲ್ಲ. ಅವರ ಹಾಡು ನಿಮ್ಮ ಆ್ಯಪ್‌ನಲ್ಲಿ ತಾನಾಗಿ ಬರುವ ಹೊತ್ತಿಗೆ ಒಂದೆರಡು ವರ್ಷ ಕಳೆದಿರುತ್ತದೆ.

ಆದರೆ ಆ ಅರವತ್ತು ಜನ ಇದ್ದಾರಲ್ಲ, ಅವರು ಸಿಗುತ್ತಾರೆ. ಇಪಿ ಹೊರತಂದ ಪುಟ್ಟ ಸಂಗೀತ ಸಂಸ್ಥೆಯವರು, ಅಂದರೆ ಲೇಬಲ್‌ನವರು, ಅದನ್ನು ರೇಡಿಯೋದಲ್ಲಿ ಹಾಕಿದ ನಿರೂಪಕರು, ಹಾಡಿಗೆ ಹಾಡು ಬೆಸೆಯುವ ತಮ್ಮ ಸೆಟ್‌ನ ನಡುವೆ ನುಡಿಸಿದ ಡಿಜೆ, ಬಿಡುಗಡೆಯಾದ ದಿನವೇ ದುಡ್ಡು ಕೊಟ್ಟು ಕೊಂಡವರು. ಇವರ ಹೆಸರುಗಳೆಲ್ಲ ಅಂತರ್ಜಾಲದಲ್ಲಿ ಬಹಿರಂಗವಾಗಿಯೇ ಇವೆ. ನಿಮಗಿಂತ ಮೊದಲು ಕೇಳುವ, ಕಿವಿ ಚೆನ್ನಾಗಿರುವ ಹದಿನೈದು ಇಪ್ಪತ್ತು ಜನರನ್ನು ಗುರುತಿಸಿ ಅವರ ಬೆನ್ನು ಹತ್ತುವುದು ಇಡೀ ಹುಡುಕಾಟದ ತಿರುಳು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

ಮೊದಲು ಅರ್ಧ ಗಂಟೆಯ ಸಿದ್ಧತೆ

ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೇಳುಗರ ಖಾತೆ, ಯಾರು ಬೇಕಾದರೂ ತಮ್ಮ ಸಂಗೀತ ಏರಿಸಬಹುದಾದ ಸೌಂಡ್‌ಕ್ಲೌಡ್‌ನಲ್ಲಿ ಒಂದು ಖಾತೆ, ಈಗಾಗಲೇ ಬಳಸುತ್ತಿರುವ ಸ್ಟ್ರೀಮಿಂಗ್ ಸೇವೆ, ಒಂದು ಸ್ಪ್ರೆಡ್‌ಶೀಟ್. ಇಷ್ಟು ಸಾಕು. ಸಂಗೀತ ಬಿಡುಗಡೆಗಳ ದತ್ತಕೋಶವಾದ ಡಿಸ್ಕಾಗ್ಸ್ ನೋಡಲು ಖಾತೆ ಬೇಕಿಲ್ಲ. ಮುಂದೆ ಹತ್ತಾರು ಲೇಬಲ್‌ಗಳಿಂದ ಇಮೇಲ್ ಬರಲಿದೆ. ಅವೆಲ್ಲ ಇನ್‌ಬಾಕ್ಸ್‌ಗೆ ಬಂದು ಬೀಳದೆ ನೇರವಾಗಿ ‘ಸಂಗೀತ’ ಎಂಬ ಬೇರೆ ಫೋಲ್ಡರ್‌ಗೆ ಹೋಗುವ ಹಾಗೆ ಈಗಲೇ ಒಂದು ಫಿಲ್ಟರ್ ಮಾಡಿಡಿ. ಇದನ್ನು ಬಿಟ್ಟವರು ಎರಡೇ ತಿಂಗಳಲ್ಲಿ ಬೇಸತ್ತು ಎಲ್ಲವನ್ನೂ ಅನ್‌ಸಬ್‌ಸ್ಕ್ರೈಬ್ ಮಾಡಿಬಿಡುತ್ತಾರೆ.

ಶೀಟ್‌ನಲ್ಲಿ ಆರು ಕಾಲಂ ಇರಲಿ: ದಿನಾಂಕ, ಕಲಾವಿದರು, ಟ್ರ್ಯಾಕ್, ಲೇಬಲ್, ಯಾರಿಂದ ಸಿಕ್ಕಿತು, ಎರಡನೇ ಸಲ ಕೇಳಿದ ದಿನ. ಇವುಗಳಲ್ಲಿ ಐದನೆಯದನ್ನು ಮಾತ್ರ ಎಂದೂ ಖಾಲಿ ಬಿಡಬೇಡಿ. ಮೂರು ತಿಂಗಳು ಕಳೆದ ಮೇಲೆ ಆ ಕಾಲಂ ಪ್ರಕಾರ ಜೋಡಿಸಿ ನೋಡಿದರೆ ಯಾವ ಡಿಜೆ, ಯಾವ ಲೇಬಲ್, ಯಾವ ರೇಡಿಯೋ ಕಾರ್ಯಕ್ರಮ ನಿಮ್ಮ ಕಿವಿಗೆ ಒಗ್ಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಇನ್ನು ಬೀಜ ಬೇಕು. ಇತ್ತೀಚೆಗೆ ಮನಸ್ಸಿಗೆ ಹಿಡಿಸಿದ ಐದು ಟ್ರ್ಯಾಕ್ ಆರಿಸಿ. ತೀರಾ ದೊಡ್ಡ ಹೆಸರಿನವು ಬೇಡ, ಅಲ್ಲಿಂದ ಹೊರಡುವ ದಾರಿಗಳೆಲ್ಲ ಇನ್ನೊಂದು ದೊಡ್ಡ ಹೆಸರಿನಲ್ಲೇ ಮುಗಿಯುತ್ತವೆ. ಒಂದೊಂದರ ಮುಂದೆ ನಿಮ್ಮನ್ನು ಹಿಡಿದದ್ದು ಏನು ಎಂದು ಒಂದು ವಾಕ್ಯ ಬರೆಯಿರಿ: ‘ನಿಧಾನ ಗತಿ, ಪಿಸುದನಿ, ಟೇಪ್‌ನ ಸುಯ್ ಸದ್ದು ಹಾಗೇ ಇದೆ’, ‘ಡ್ರಮ್ ಮುಗ್ಗರಿಸುತ್ತದೆ, ಬೇಸ್ ಮಾತ್ರ ನೇರ’, ಹೀಗೆ. ‘ಇಂಡಿ’ (ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಸಂಗೀತ), ‘ಎಲೆಕ್ಟ್ರಾನಿಕ್’ ಎಂಬ ಪದ ಹಾಕಿ ಹುಡುಕಿದರೆ ಸಮುದ್ರಕ್ಕೆ ಬಲೆ ಬೀಸಿದಂತೆ. ಡ್ರೀಮ್ ಪಾಪ್, ಸ್ಲೋಕೋರ್, ಪೋಸ್ಟ್‌ಪಂಕ್, ಮ್ಯಾತ್ ರಾಕ್, ಡಬ್ ಟೆಕ್ನೋ, ಆ್ಯಂಬಿಯೆಂಟ್ ಎಂಬಷ್ಟು ಕಿರಿದಾಗಿ ಇಳಿಯಬೇಕು.

ಎಲೆಕ್ಟ್ರಾನಿಕ್ ಸಂಗೀತದಲ್ಲಿ ಪ್ರಕಾರದ ಹೆಸರು ತಿಳಿಯದಿದ್ದರೆ ಗತಿ ಎಣಿಸಿ. 15 ಸೆಕೆಂಡಿನಲ್ಲಿ ಎಷ್ಟು ಬೀಟ್ ಬಿತ್ತೋ ಅದನ್ನು ನಾಲ್ಕರಿಂದ ಗುಣಿಸಿದರೆ ನಿಮಿಷದ ಬೀಟ್, ಅಂದರೆ ಬಿಪಿಎಂ. ಹೌಸ್ ಸುಮಾರು 118ರಿಂದ 128, ಯುಕೆ ಗರಾಜ್ 130ರ ಆಸುಪಾಸು, ಡಬ್‌ಸ್ಟೆಪ್ 140, ಫುಟ್‌ವರ್ಕ್ 160, ಡ್ರಮ್ ಆ್ಯಂಡ್ ಬೇಸ್ 170ರಿಂದ 175. ಇದರ ಜೊತೆಗೆ ನೀವು ಬರೆದ ಆ ಒಂದು ವಾಕ್ಯ ಸೇರಿದರೆ ಹುಡುಕಲು ಬೇಕಾದ ಪದ ಸಿಕ್ಕ ಹಾಗೆಯೇ.

ಹಾಡಿನಿಂದ ಲೇಬಲ್‌ಗೆ

ಬೀಜದ ಹಾಡುಗಳಲ್ಲಿ ಒಂದನ್ನು ಹಿಡಿದು ಡಿಸ್ಕಾಗ್ಸ್‌ಗೆ ಹೋಗಿ. 2000ದಲ್ಲಿ ಶುರುವಾದ ಈ ದತ್ತಕೋಶದಲ್ಲಿ ಪ್ರತಿ ಬಿಡುಗಡೆಗೂ ಒಂದು ಪುಟ ಇದೆ. ಅಲ್ಲಿ ಲೇಬಲ್, ಕ್ಯಾಟಲಾಗ್ ಸಂಖ್ಯೆ, ವರ್ಷ, ಶೈಲಿ, ಕೆಳಗೆ ಯಾರು ಏನು ಮಾಡಿದರು ಎಂಬ ಕ್ರೆಡಿಟ್‌ಗಳು ಇರುತ್ತವೆ. ಎಲ್ಲ ಹೆಸರೂ ಲಿಂಕ್. ಮೊದಲು ಲೇಬಲ್ ಹೆಸರನ್ನು ಒತ್ತಿ.

ಬಂದ ಪಟ್ಟಿಯಲ್ಲಿ ಒಟ್ಟು ಎಷ್ಟು ಬಿಡುಗಡೆ ಎಂದು ನೋಡಿ. ಎಂಟರಿಂದ ನಲವತ್ತರ ನಡುವೆ ಇದ್ದರೆ ಅದು ಚಿನ್ನದ ಗಣಿ. ಅಷ್ಟು ಚಿಕ್ಕ ಲೇಬಲ್ ಅಂದರೆ ಒಬ್ಬರೋ ಇಬ್ಬರೋ ತಮ್ಮ ಕಿವಿಯನ್ನೇ ನಂಬಿ, ಹಲವು ಸಲ ತಮ್ಮ ಕೈಯಿಂದ ದುಡ್ಡು ಹಾಕಿ ನಡೆಸುವಂಥದ್ದು. ಅವರು ಆರಿಸಿದ ಒಂದು ನಿಮಗೆ ಇಷ್ಟವಾಗಿದೆ ಎಂದರೆ ಇನ್ನೊಂದೂ ಇಷ್ಟವಾಗುವ ಸಂಭವ ಬಲವಾಗಿದೆ. ಬಿಡುಗಡೆ ಮುನ್ನೂರು ನಾನೂರು ದಾಟಿದ ಲೇಬಲ್‌ನಲ್ಲಿ ಆಯ್ಕೆ ಮಾಡುವ ಕೈಗಳು ಹಲವು, ರುಚಿಯೂ ಹಂಚಿಹೋಗಿರುತ್ತದೆ. ಅಂಥ ಕಡೆ ಇತ್ತೀಚಿನ ಎರಡು ವರ್ಷದ ಪಟ್ಟಿ ನೋಡಿದರೆ ಸಾಕು. ಚಿಕ್ಕ ಲೇಬಲ್‌ನಲ್ಲಿ ಕೊನೆಯ ಮೂರು ಬಿಡುಗಡೆ ಮತ್ತು ಮೊಟ್ಟಮೊದಲನೆಯದು, ಈ ನಾಲ್ಕನ್ನು ಕೇಳಿ. ಅದು ಎಲ್ಲಿಂದ ಹೊರಟು ಎಲ್ಲಿಗೆ ಸಾಗುತ್ತಿದೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಆಮೇಲೆ ಕಲಾವಿದರ ಪುಟ. ಎಲೆಕ್ಟ್ರಾನಿಕ್ ಕಲಾವಿದರು ಒಂದೇ ಹೆಸರಿನಲ್ಲಿ ಕೆಲಸ ಮಾಡುವುದು ಕಡಿಮೆ. ಕ್ಯಾರಿಬೂ ಎಂಬ ಹೆಸರಿನಲ್ಲಿ ಹಾಡುಗಳನ್ನು ಮಾಡುವ ಡ್ಯಾನ್ ಸ್ನೇತ್ ಅವರೇ ಡ್ಯಾಫ್ನಿ ಎಂಬ ಹೆಸರಿನಲ್ಲಿ ಕ್ಲಬ್ ಸಂಗೀತ ಮಾಡುತ್ತಾರೆ. ಮೊದಲು ಅವರು ಮನಿಟೋಬಾ ಆಗಿದ್ದರು. ಜಿಯಾವೊಲಾಂಗ್ ಎಂಬ ಲೇಬಲ್ ಕೂಡ ಅವರದೇ. ಡಿಸ್ಕಾಗ್ಸ್‌ನಲ್ಲಿ ‘ಅಲಿಯಾಸ್’ (ಇತರ ಹೆಸರುಗಳು) ಸಾಲು ನೋಡದವರಿಗೆ ಈ ನಾಲ್ಕು ಬಾಗಿಲಲ್ಲಿ ಒಂದೇ ಕಾಣುತ್ತದೆ. ಕಲಾವಿದರೇ ಲೇಬಲ್ ನಡೆಸುವ ರೂಢಿ ಇಲ್ಲಿ ಗಟ್ಟಿಯಾಗಿದೆ: ಕೋಲ್ಡ್‌ಕಟ್ ಜೋಡಿ 1990ರಲ್ಲಿ ನಿಂಜಾ ಟ್ಯೂನ್ ಕಟ್ಟಿತು, ಕೋಡ್9 ಅವರು 2004ರಲ್ಲಿ ಹೈಪರ್‌ಡಬ್, ಫ್ಲೈಯಿಂಗ್ ಲೋಟಸ್ 2008ರಲ್ಲಿ ಬ್ರೇನ್‌ಫೀಡರ್. ಆದ್ದರಿಂದ ಮೆಚ್ಚಿದ ಕಲಾವಿದರಿಗೆ ತಮ್ಮದೇ ಲೇಬಲ್ ಇದೆಯೇ ಎಂದು ಯಾವಾಗಲೂ ವಿಚಾರಿಸಿ. ತಾವು ಮೆಚ್ಚಿದ ಕಿರಿಯರನ್ನು ಅವರು ಅಲ್ಲಿಗೆ ಕರೆತಂದಿರುತ್ತಾರೆ.

ಕ್ರೆಡಿಟ್‌ಗಳಲ್ಲಿ ಎಲ್ಲ ಹೆಸರಿಗೂ ಒಂದೇ ತೂಕ ಇಲ್ಲ. ಅತಿಥಿ ಗಾಯಕರು, ರೀಮಿಕ್ಸ್ ಮಾಡಿದವರು (ಹಾಡನ್ನು ತಮ್ಮ ಶೈಲಿಯಲ್ಲಿ ಮರುರೂಪಿಸಿದವರು), ಇಂಡಿ ಆಲ್ಬಂನಲ್ಲಾದರೆ ನಿರ್ಮಾಪಕರು, ಮಿಕ್ಸ್ ಮಾಡಿದವರು: ಇವರ ಜಾಡು ಒಳ್ಳೆಯದು. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಧ್ವನಿಗೆ ಕೊನೆಯ ಹದ, ಮಾಡಿದವರ ಜಾಡು ಹಿಡಿಯಲು ಹೋಗಬೇಡಿ. ಹೆಸರಾಂತ ಮಾಸ್ಟರಿಂಗ್ ಎಂಜಿನಿಯರ್ ಒಬ್ಬರ ಪುಟದಲ್ಲಿ ಸಾವಿರಾರು ಬಿಡುಗಡೆ ಇರುತ್ತವೆ, ಅದರಿಂದ ರುಚಿಯ ಸುಳಿವು ಸಿಗುವುದಿಲ್ಲ. ರೀಮಿಕ್ಸ್ ವಿಷಯದಲ್ಲಿ ಇನ್ನೊಂದು ಮಾತು. ದೊಡ್ಡ ಹೆಸರಿನವರ ಇಪಿಯಲ್ಲಿ ನೀವೆಂದೂ ಕೇಳದ ಹೆಸರೊಂದು ರೀಮಿಕ್ಸ್ ಮಾಡಿದ್ದರೆ ಅದನ್ನು ತಕ್ಷಣ ಬರೆದುಕೊಳ್ಳಿ. ಆ ಹೊಸಬರಿಗೆ ಹಿರಿಯರು ಕೈಯಾರೆ ಬರೆದುಕೊಟ್ಟ ಪರಿಚಯಪತ್ರ ಅದು.

ಲೇಬಲ್‌ಗಳ ಸಂಕಲನಗಳನ್ನು ಮರೆಯಬೇಡಿ. ವಾರ್ಪ್ ಲೇಬಲ್ 1992ರಲ್ಲಿ ಹೊರತಂದ ಒಂದು ಸಂಕಲನದಲ್ಲಿ ಆಟೆಕರ್ ಇದ್ದರು, ಮುಂದೆ ಏಫೆಕ್ಸ್ ಟ್ವಿನ್ ಎಂದು ಲೋಕಪ್ರಸಿದ್ಧರಾದ ರಿಚರ್ಡ್ ಡಿ. ಜೇಮ್ಸ್ ‘ದ ಡೈಸ್ ಮ್ಯಾನ್’ ಎಂಬ ಹೆಸರಿನಲ್ಲಿ ಇದ್ದರು. ಆಟೆಕರ್‌ನ ಮೊದಲ ಆಲ್ಬಂ ಬಂದದ್ದು ಮರುವರ್ಷ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಉಗಾಂಡದ ಕಂಪಾಲಾದ ನ್ಯೇಗೆ ನ್ಯೇಗೆ ಟೇಪ್ಸ್ ಲೇಬಲ್. ತಾಂಜಾನಿಯಾದ ದಾರ್ ಎಸ್ ಸಲಾಮ್‌ನ ಸಿಸ್ಸೋ ಸ್ಟುಡಿಯೋದ ಸಿಂಗೇಲಿ ಸಂಗೀತವನ್ನು ಅದು 2017ರಲ್ಲಿ ಒಂದು ಸಂಕಲನವಾಗಿ ಹೊರತಂದಿತು. 200 ಬಿಪಿಎಂಗೂ ಮೀರಿ ಓಡುವ ಸಂಗೀತ ಅದು. ಅದೇ ವಲಯದ ಬಾಂಬಾ ಪಾನಾ, ಜೇ ಮಿಟ್ಟಾ ಮುಂದಿನ ವರ್ಷಗಳಲ್ಲಿ ತಮ್ಮದೇ ಆಲ್ಬಂಗಳೊಂದಿಗೆ ಬಂದರು. ಸಂಕಲನ ಬಂದ ದಿನವೇ ಒಂದೊಂದು ಹೆಸರನ್ನೂ ಬರೆದುಕೊಂಡ ಕೇಳುಗರಿಗೆ ಆ ಆಲ್ಬಂಗಳು ಹೊಸ ಸುದ್ದಿಯಾಗಿರಲಿಲ್ಲ. ಹತ್ತು ಕಲಾವಿದರ ಸಂಕಲನ ಅಂದರೆ ಒಂದೇ ಏಟಿಗೆ ಹತ್ತು ಬೀಜ. ಪೂರ್ತಿ ಆಲ್ಬಂ ಕೇಳುವ ಮುನ್ನ ಸಂಕಲನ ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಬ್ಯಾಂಡ್‌ಕ್ಯಾಂಪ್ ಪುಟವನ್ನು ಓದುವ ಬಗೆ

ಹೊಸಬರನ್ನು ಹುಡುಕಲು ಇರುವ ಸಾಧನಗಳಲ್ಲಿ ಬ್ಯಾಂಡ್‌ಕ್ಯಾಂಪ್‌ಗೆ ಮೊದಲ ಜಾಗ. ಇಲ್ಲಿ ಕೇಳುಗರು ದುಡ್ಡು ಕೊಟ್ಟು ಕೊಂಡದ್ದು ಎಲ್ಲರಿಗೂ ಕಾಣುತ್ತದೆ ಎಂಬುದು ಅದಕ್ಕೆ ಕಾರಣ. ಪ್ಲೇಲಿಸ್ಟ್‌ಗೆ ಸೇರಿಸಲು ಒಂದು ಬೆರಳು ಸಾಕು, ಜೇಬಿಗೆ ಕೈ ಹಾಕಬೇಕಾದರೆ ಮನಸ್ಸು ಬೇಕು.

ಕಂಪ್ಯೂಟರಿನಲ್ಲೇ ನೋಡಿ, ಫೋನಿನಲ್ಲಿ ಇದು ಇಕ್ಕಟ್ಟು. ಆಲ್ಬಂ ಪುಟ ತೆರೆದರೆ ಮುಖಪುಟ ಚಿತ್ರದ ಕೆಳಗೆ ಕೊಂಡವರ ಪುಟ್ಟ ಚಿತ್ರಗಳು ಸಾಲಾಗಿ ಕಾಣುತ್ತವೆ. ಕೆಲವರು ಒಂದೆರಡು ವಾಕ್ಯದ ಅಭಿಪ್ರಾಯವನ್ನೂ ಬರೆದಿರುತ್ತಾರೆ. ಹಾಗೆ ಬರೆದವರನ್ನೇ ಮೊದಲು ಆರಿಸಿಕೊಳ್ಳಿ. ಒಬ್ಬರ ಚಿತ್ರ ಒತ್ತಿದರೆ ಅವರ ಇಡೀ ಸಂಗ್ರಹ ತೆರೆಯುತ್ತದೆ, ತೀರ ಈಚೆಗೆ ಕೊಂಡದ್ದು ಮೇಲೆ. ಒಂದೊಂದು ಆಲ್ಬಂನ ಕೆಳಗೂ ಅದು ಇನ್ನೆಷ್ಟು ಜನರ ಸಂಗ್ರಹದಲ್ಲಿದೆ ಎಂಬ ಸಂಖ್ಯೆ ಇರುತ್ತದೆ. ಈ ಸಂಖ್ಯೆಯೇ ನಿಮ್ಮ ಜರಡಿ. ಸಾವಿರಗಳಲ್ಲಿ ಇದ್ದರೆ ಆ ಕಲಾವಿದರು ಆಗಲೇ ಹೆಸರಾಗಿದ್ದಾರೆ. 10ರಿಂದ 200ರ ನಡುವೆ ಇರುವವನ್ನು ಆರಿಸಿ, ಒಂದೊಂದರ ಎರಡನೇ ಟ್ರ್ಯಾಕ್ ಕೇಳಿ. ಮೊದಲ ಟ್ರ್ಯಾಕ್ ಹಲವು ಸಲ ಬರೀ ಪೀಠಿಕೆಯಾಗಿರುತ್ತದೆ.

ಎಷ್ಟು ಜನರ ಸಂಗ್ರಹ ನೋಡಬೇಕು? ಒಂದು ಆಲ್ಬಂಗೆ ಐದು ಸಾಕು. ಐವರಲ್ಲಿ ಇಬ್ಬರ ಸಂಗ್ರಹದಲ್ಲಿ ನಿಮಗೆ ಗೊತ್ತಿಲ್ಲದ ಒಂದೇ ಹೆಸರು ಕಂಡರೆ ಅದನ್ನು ಬಿಡಲೇಬೇಡಿ. ನಿಮ್ಮ ಸಂಗ್ರಹಕ್ಕೂ ಅವರ ಸಂಗ್ರಹಕ್ಕೂ ಮೂರು ನಾಲ್ಕು ಆಲ್ಬಂ ಹೊಂದಿಕೆಯಾದರೆ ಅಂಥವರನ್ನು ಫಾಲೋ ಮಾಡಿ. ಅವರು ಮುಂದೆ ಕೊಂಡದ್ದು ನಿಮ್ಮ ಫೀಡ್‌ಗೆ ಬರುತ್ತಾ ಹೋಗುತ್ತದೆ. ಪೂರ್ತಿ ಒಂದೇ ಥರ ಇರುವ ಸಂಗ್ರಹಕ್ಕಿಂತ, ಅರ್ಧ ಪರಿಚಿತ ಅರ್ಧ ಅಪರಿಚಿತ ಇರುವ ಸಂಗ್ರಹವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪುಟದ ತೀರ ಕೆಳಗೆ ಟ್ಯಾಗ್‌ಗಳಿವೆ. ಇವನ್ನು ಹಾಕುವವರು ಕಲಾವಿದರೇ ಆದ್ದರಿಂದ ‘ಎಕ್ಸ್‌ಪೆರಿಮೆಂಟಲ್’ ಥರದ ಟ್ಯಾಗ್‌ಗಳಿಗೆ ಅರ್ಥ ಸವೆದುಹೋಗಿದೆ. ಆದರೆ ಊರಿನ ಹೆಸರಿನ ಟ್ಯಾಗ್ ಬಹಳ ಕೆಲಸ ಮಾಡುತ್ತದೆ. ಒಂದು ಊರಿನ ಟ್ಯಾಗ್ ಒತ್ತಿ, ಹೊಸತು ಮೊದಲು ಬರುವಂತೆ ಜೋಡಿಸಿ, ಇಪ್ಪತ್ತು ಮುಖಪುಟ ನೋಡಿ. ಪರಸ್ಪರ ಧನ್ಯವಾದ ಹೇಳಿಕೊಂಡಿರುವ, ಒಂದೇ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿರುವ ನಾಲ್ಕಾರು ಗುಂಪು ಕಂಡರೆ ಒಂದು ಸ್ಥಳೀಯ ವಲಯವೇ ನಿಮ್ಮ ಕೈಗೆ ಸಿಕ್ಕಂತೆ. ಇಂಡಿ ಸಂಗೀತ ಬೆಳೆಯುವುದು ಇಂಥ ವಲಯಗಳಲ್ಲಿ. ಒಬ್ಬರ ಡ್ರಮ್ಮರ್ ಇನ್ನೊಬ್ಬರ ಬ್ಯಾಂಡಿನ ಗಿಟಾರಿಸ್ಟ್ ಆಗಿರುತ್ತಾರೆ, ಮೂರನೆಯವರ ಆಲ್ಬಂ ಮಿಕ್ಸ್ ಮಾಡಿರುತ್ತಾರೆ. ಆಲ್ಬಂ ಪುಟದ ಧನ್ಯವಾದಗಳ ಸಾಲನ್ನು ಬಹಳ ಜನ ಓದುವುದೇ ಇಲ್ಲ, ನೀವು ಓದಿ.

ಕೊನೆಗೆ, ಇಷ್ಟವಾದ ಲೇಬಲ್‌ನ ಪುಟದಲ್ಲಿ ಫಾಲೋ ಒತ್ತಿ. ಹೊಸ ಬಿಡುಗಡೆಯಾದಾಗ ಇಮೇಲ್ ಬರುತ್ತದೆ. ಶುರುವಿನಲ್ಲಿ ಹದಿನೈದು ಲೇಬಲ್‌ಗಿಂತ ಹೆಚ್ಚು ಬೇಡ.

ರೇಡಿಯೋ ಮತ್ತು ಡಿಜೆ ಸೆಟ್

ಯಾರು ಏನು ನುಡಿಸಿದರು ಎಂಬ ಪಟ್ಟಿ ಬರೆದಿಡುವ ರೇಡಿಯೋಗಳು ಮಾತ್ರ ಈ ಕೆಲಸಕ್ಕೆ ಒದಗುತ್ತವೆ. ಲಂಡನ್‌ನಲ್ಲಿ 2011ರಲ್ಲಿ ಶುರುವಾದ ಎನ್‌ಟಿಎಸ್ ಅಂಥವುಗಳಲ್ಲಿ ಮುಂದಿದೆ. ಎರಡು ಚಾನೆಲ್, ನೂರಾರು ನಿರೂಪಕರು, ಹಳೆಯ ಕಾರ್ಯಕ್ರಮಗಳ ಭಂಡಾರ, ಬಹುತೇಕ ಎಲ್ಲಕ್ಕೂ ಟ್ರ್ಯಾಕ್ ಪಟ್ಟಿ. ಇಂಡಿ ಕೇಳುಗರಿಗೆ ಸಿಯಾಟಲ್‌ನ ಕೆಇಎಕ್ಸ್‌ಪಿ. ಅಲ್ಲಿ ಪ್ರಸಾರವಾದ ಹಾಡುಗಳ ಪಟ್ಟಿ ಇದೆ, ಸ್ಟುಡಿಯೋದಲ್ಲೇ ನುಡಿಸಿದ ಲೈವ್ ವಿಡಿಯೋಗಳು ಯೂಟ್ಯೂಬ್‌ನಲ್ಲಿವೆ. ಲಾಸ್ ಏಂಜಲೀಸ್‌ನ ಡಬ್‌ಲ್ಯಾಬ್ 1999ರಿಂದ ನಡೆಯುತ್ತಿದೆ. ಬಿಬಿಸಿ ಇಂಟ್ರಡ್ಯೂಸಿಂಗ್ 2007ರಿಂದ ಒಪ್ಪಂದವಿಲ್ಲದ, ಹೆಸರಾಗದ ಬ್ರಿಟಿಷ್ ಕಲಾವಿದರಿಗಾಗಿಯೇ ಇದೆ.

ಚಾನೆಲ್ ಹಾಕಿ ಹಿನ್ನೆಲೆಯಲ್ಲಿ ಬಿಟ್ಟರೆ ಏನೂ ಸಿಗುವುದಿಲ್ಲ. ಹೀಗೆ ಮಾಡಿ: ನಿಮ್ಮ ಬೀಜದ ಕಲಾವಿದರಲ್ಲಿ ಒಬ್ಬರ ಹೆಸರನ್ನು ರೇಡಿಯೋದ ಹುಡುಕು ಪೆಟ್ಟಿಗೆಗೆ ಹಾಕಿ. ಅವರನ್ನು ನುಡಿಸಿದ ಕಾರ್ಯಕ್ರಮಗಳು ಬರುತ್ತವೆ. ಅವುಗಳಲ್ಲಿ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹೆಸರು ನಿಮಗೆ ಗೊತ್ತಿಲ್ಲದ ಒಂದನ್ನು ಆರಿಸಿ, ಪಟ್ಟಿ ಎದುರಿಗಿಟ್ಟುಕೊಂಡು ಪೂರ್ತಿ ಕೇಳಿ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಮೂರು ಟ್ರ್ಯಾಕ್ ಬರೆದುಕೊಳ್ಳುವಂತಾದರೆ ಆ ನಿರೂಪಕರನ್ನು ಮೂರು ತಿಂಗಳು ಹಿಂಬಾಲಿಸಿ. ಒಂದೂ ಸಿಗದಿದ್ದರೆ ಇನ್ನೊಬ್ಬರು.

ಡಿಜೆ ಸೆಟ್‌ಗಳಲ್ಲಿ ಪಟ್ಟಿ ಇಲ್ಲದಿರುವುದೇ ಕಷ್ಟ. 1001ಟ್ರ್ಯಾಕ್‌ಲಿಸ್ಟ್ಸ್ ಮತ್ತು ಮಿಕ್ಸಸ್‌ಡಿಬಿ ತಾಣಗಳಲ್ಲಿ ಕೇಳುಗರು ಸೇರಿ ಕಟ್ಟಿದ ಪಟ್ಟಿಗಳಿವೆ, ಮೊದಲು ಅಲ್ಲಿ ನೋಡಿ. ಟ್ರ್ಯಾಕ್ ಹೆಸರಿನ ಜಾಗದಲ್ಲಿ ‘ಐಡಿ’ ಎಂದಷ್ಟೇ ಬರೆದಿದ್ದರೆ ಅದು ಇನ್ನೂ ಯಾರಿಗೂ ಗೊತ್ತಾಗಿಲ್ಲ, ಬಹುಶಃ ಬಿಡುಗಡೆಯೇ ಆಗಿಲ್ಲ ಎಂದು ಅರ್ಥ. ಸೌಂಡ್‌ಕ್ಲೌಡ್‌ನಲ್ಲಿ ಸೆಟ್ ಇದ್ದರೆ ತರಂಗದ ಮೇಲೆ ಆಯಾ ನಿಮಿಷಕ್ಕೇ ಅಂಟಿಸಿದ ಕಾಮೆಂಟ್‌ಗಳನ್ನು ಓದಿ. ಯಾರೋ ಹೆಸರು ಕೇಳಿರುತ್ತಾರೆ, ಇನ್ಯಾರೋ ಹೇಳಿರುತ್ತಾರೆ.

ಅಲ್ಲೂ ಸಿಗದಿದ್ದರೆ, ಕೇಳಿಸಿದ ಹಾಡಿನ ಹೆಸರು ಹೇಳುವ ಆ್ಯಪ್ ಶಝಾಮ್. ಆದರೆ ಸೆಟ್‌ನಲ್ಲಿ ಅದು ಸೋಲುವುದಕ್ಕೆ ಎರಡು ಕಾರಣ ಇವೆ, ಎರಡಕ್ಕೂ ಪರಿಹಾರ ಇದೆ. ಒಂದು, ಎರಡು ಟ್ರ್ಯಾಕ್ ಒಂದರ ಮೇಲೊಂದು ಓಡುತ್ತಿರುತ್ತವೆ. ಡಿಜೆಗಳು 16 ಅಥವಾ 32 ಬಾರ್‌ನಷ್ಟು ಹೊತ್ತು ಎರಡನ್ನೂ ಬೆರೆಸುವುದು ಸಾಮಾನ್ಯ. ನಾಲ್ಕು ಬೀಟ್ ಸೇರಿದರೆ ಒಂದು ಬಾರ್. 128 ಬಿಪಿಎಂನಲ್ಲಿ 32 ಬಾರ್ ಅಂದರೆ 128 ಬೀಟ್, ಸರಿಯಾಗಿ ಒಂದು ನಿಮಿಷ. ಹೊಸ ಟ್ರ್ಯಾಕ್ ಕಿವಿಗೆ ಬಿದ್ದ ಕೂಡಲೇ ಶಝಾಮ್ ಒತ್ತಿದರೆ ಆ ಕಲಬೆರಕೆ ನಿಮಿಷವೇ ಅದಕ್ಕೆ ಸಿಗುತ್ತದೆ. ಒಂದೂವರೆ ನಿಮಿಷ ತಡೆದು, ಹಳೆಯ ಟ್ರ್ಯಾಕಿನ ಹೈಹ್ಯಾಟ್ (ಡ್ರಮ್ಮಿನ ಪುಟ್ಟ ತಾಳದ ಸದ್ದು) ಪೂರ್ತಿ ಮರೆಯಾದ ಮೇಲೆ ಒತ್ತಿ. ಎರಡು, ಡಿಜೆ ಟ್ರ್ಯಾಕಿನ ವೇಗ ಬದಲಿಸಿರುತ್ತಾರೆ. ಶಝಾಮ್ ಧ್ವನಿಯಲ್ಲಿನ ಎತ್ತರದ ಬಿಂದುಗಳು ಯಾವ ಕಂಪನಾಂಕದಲ್ಲಿ, ಎಷ್ಟು ಅಂತರದಲ್ಲಿ ಬರುತ್ತವೆ ಎಂಬುದನ್ನು ಹೋಲಿಸಿ ಗುರುತಿಸುತ್ತದೆ. ವೇಗ ಬದಲಾದರೆ ಆ ಅಂತರ ಕೆಡುತ್ತದೆ. ಸೆಟ್ ಯೂಟ್ಯೂಬ್‌ನಲ್ಲಿದ್ದರೆ ಪ್ಲೇಬ್ಯಾಕ್ ವೇಗವನ್ನು 0.95ಕ್ಕೆ ಇಳಿಸಿ ಮತ್ತೆ ಹಿಡಿಯಿರಿ, ಆಗದಿದ್ದರೆ 1.05. ಸಿಕ್ಕ ಹೆಸರನ್ನು ಮೂಲ ಟ್ರ್ಯಾಕಿನೊಂದಿಗೆ ಹೋಲಿಸಿ ನೋಡದೆ ಬರೆದುಕೊಳ್ಳಬೇಡಿ. ಒಂದೇ ಸ್ಯಾಂಪಲ್ (ಬೇರೆ ಧ್ವನಿಮುದ್ರಣದಿಂದ ಎತ್ತಿಕೊಂಡ ತುಣುಕು) ಬಳಸಿದ ಬೇರೆ ಟ್ರ್ಯಾಕಿನ ಹೆಸರು ಬರುವುದುಂಟು.

ಸೌಂಡ್‌ಕ್ಲೌಡ್‌ನಲ್ಲಿ ಇನ್ನೊಂದು ಕೆಲಸ ಇದೆ. ಚಿಕ್ಕ ಕಲಾವಿದರೊಬ್ಬರ ಪುಟದಲ್ಲಿ ಅವರು ಲೈಕ್ ಮಾಡಿದ್ದು, ರೀಪೋಸ್ಟ್ ಮಾಡಿದ್ದು, ಅವರು ಫಾಲೋ ಮಾಡುವವರ ಪಟ್ಟಿ ನೋಡಿ. ಎಂಬತ್ತು ನೂರು ಜನರನ್ನಷ್ಟೇ ಫಾಲೋ ಮಾಡುವವರಾದರೆ ಅದರಲ್ಲಿ ಅರ್ಧದಷ್ಟು ಅವರ ಗೆಳೆಯರೇ ಇರುತ್ತಾರೆ, ಅವರೂ ಸಂಗೀತ ಮಾಡುವವರೇ. ಸಾವಿರಾರು ಜನರನ್ನು ಫಾಲೋ ಮಾಡುವವರ ಪಟ್ಟಿಯಿಂದ ಏನೂ ತಿಳಿಯದು.

ಸ್ಟ್ರೀಮಿಂಗ್ ಆ್ಯಪ್ ಅನ್ನು ಹದಕ್ಕೆ ತರುವುದು

ಆ್ಯಪ್ ಪೂರ್ತಿ ಬಿಡಬೇಕಿಲ್ಲ, ಅದರ ಮಿತಿ ಗೊತ್ತಿದ್ದರೆ ಆಯಿತು. ಸ್ಪಾಟಿಫೈನ ಡಿಸ್ಕವರ್ ವೀಕ್ಲಿ ಸೋಮವಾರಕ್ಕೊಮ್ಮೆ 30 ಹಾಡು ಕೊಡುತ್ತದೆ, ರಿಲೀಸ್ ರಾಡಾರ್ ಶುಕ್ರವಾರಕ್ಕೊಮ್ಮೆ. 2015ರ ಜುಲೈನಿಂದ ಶುಕ್ರವಾರವೇ ಜಗತ್ತಿನಾದ್ಯಂತ ಬಿಡುಗಡೆಯ ದಿನ. ರಿಲೀಸ್ ರಾಡಾರ್ ನೀವು ಫಾಲೋ ಮಾಡುವವರ ಹೊಸ ಹಾಡುಗಳಿಗೆ ಆದ್ಯತೆ ಕೊಡುವುದರಿಂದ, ಹುಡುಕಿ ತೆಗೆದ ಚಿಕ್ಕ ಕಲಾವಿದರನ್ನೆಲ್ಲ ಇಲ್ಲೂ ಫಾಲೋ ಮಾಡಿ. ಮಕ್ಕಳ ಹಾಡು, ನಿದ್ದೆಗೆ ಮಳೆಯ ಸದ್ದು ಇವನ್ನು ಪ್ರೈವೇಟ್ ಸೆಷನ್‌ನಲ್ಲಿ ಹಾಕಿ, ಅಥವಾ ಆ ಪ್ಲೇಲಿಸ್ಟ್ ಅನ್ನು ನಿಮ್ಮ ರುಚಿಯ ಲೆಕ್ಕದಿಂದ ಹೊರಗಿಡುವ ಆಯ್ಕೆ ಒತ್ತಿ. ಇಲ್ಲದಿದ್ದರೆ ವಾರಗಟ್ಟಲೆ ಮಳೆಯೇ ಸುರಿಯುತ್ತದೆ.

ಸ್ಪಾಟಿಫೈನ ಹುಡುಕು ಪೆಟ್ಟಿಗೆಗೆ ಬಹಳ ಜನ ಬಳಸದ ಶಕ್ತಿ ಇದೆ. ಇಂಗ್ಲಿಷ್‌ನಲ್ಲಿ ‘ಲೇಬಲ್’ ಎಂದು ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಉದ್ಧರಣ ಚಿಹ್ನೆಯೊಳಗೆ ಲೇಬಲ್ ಹೆಸರು ಕೊಟ್ಟರೆ ಆ ಲೇಬಲ್‌ನ ಬಿಡುಗಡೆಗಳು ಬರುತ್ತವೆ. ‘ಟ್ಯಾಗ್’, ಕೋಲನ್, ‘ನ್ಯೂ’ ಎಂದರೆ ಕಳೆದ ಎರಡು ವಾರದ ಆಲ್ಬಂಗಳು. ‘ನ್ಯೂ’ ಜಾಗದಲ್ಲಿ ‘ಹಿಪ್‌ಸ್ಟರ್’ ಎಂದರೆ ಜನಪ್ರಿಯತೆಯಲ್ಲಿ ತೀರ ಕೆಳಗಿನ ಶೇ. 10ರಲ್ಲಿ ಇರುವ ಆಲ್ಬಂಗಳು. ಕೋಲನ್ ನಂತರ ಜಾಗ ಬಿಟ್ಟರೆ ಇದ್ಯಾವುದೂ ಕೆಲಸ ಮಾಡುವುದಿಲ್ಲ.

ಇನ್ನೊಂದು ತಿಳಿದಿರಲಿ. ಸ್ಪಾಟಿಫೈನ ಡಿಸ್ಕವರಿ ಮೋಡ್‌ನಲ್ಲಿ ಕಲಾವಿದರು ಅಥವಾ ಲೇಬಲ್‌ಗಳು ರಾಯಧನದಲ್ಲಿ ಒಂದು ಪಾಲು ಬಿಟ್ಟುಕೊಟ್ಟು ತಮ್ಮ ಹಾಡು ರೇಡಿಯೋ, ಆಟೋಪ್ಲೇಗಳಲ್ಲಿ ಹೆಚ್ಚು ಬರುವಂತೆ ಮಾಡಿಕೊಳ್ಳಬಹುದು. ತಾನಾಗಿ ಬಂದ ಹಾಡೆಲ್ಲ ನಿಮ್ಮ ರುಚಿಯನ್ನೇ ನೋಡಿ ಬಂದದ್ದಲ್ಲ.

ಉತ್ಸವಗಳ ಪೋಸ್ಟರ್‌ನ ಕೆಳಸಾಲು

ಹೊಸಬರನ್ನು ಪರಿಚಯಿಸುವುದಕ್ಕೆಂದೇ ನಡೆಯುವ ಉತ್ಸವಗಳಿವೆ. ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಖ್ರೋನಿಂಗನ್‌ನಲ್ಲಿ ಯೂರೋಸಾನಿಕ್, ಮಾರ್ಚ್‌ನಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಸ್‌ಎಕ್ಸ್‌ಎಸ್‌ಡಬ್ಲ್ಯೂ, ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ದ ಗ್ರೇಟ್ ಎಸ್ಕೇಪ್, ಸೆಪ್ಟೆಂಬರ್‌ನಲ್ಲಿ ಹ್ಯಾಂಬರ್ಗ್‌ನ ರೀಪರ್‌ಬಾನ್. ಎಲೆಕ್ಟ್ರಾನಿಕ್ ಕಡೆಗೆ ಮಾಂಟ್ರಿಯಲ್‌ನ ಮ್ಯೂಟೆಕ್, ಬರ್ಲಿನ್‌ನ ಸಿಟಿಎಂ, ಪೋಲೆಂಡಿನ ಕ್ರಾಕುವ್‌ನ ಅನ್‌ಸೌಂಡ್. ಅಲ್ಲಿಗೆ ಹೋಗಬೇಕಿಲ್ಲ, ಕಲಾವಿದರ ಪಟ್ಟಿ ಸಾಕು. ದೊಡ್ಡ ಅಕ್ಷರದ ಹೆಸರುಗಳನ್ನು ಬಿಟ್ಟು ಪೋಸ್ಟರ್‌ನ ಕೆಳಗಿನ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದುಕೊಳ್ಳಿ. ಒಬ್ಬೊಬ್ಬರದು ಎರಡು ಟ್ರ್ಯಾಕ್, ದಿನಕ್ಕೆ ಹತ್ತು ಹೆಸರು. ಎರಡು ಉತ್ಸವಗಳ ಕೆಳಸಾಲಿನಲ್ಲಿ ಒಂದೇ ಹೆಸರು ಕಂಡರೆ ಅದಕ್ಕೆ ಗುರುತು ಹಾಕಿ. ಹಾಗೆಯೇ, ಮೆಚ್ಚಿದ ಬ್ಯಾಂಡ್ ಪ್ರವಾಸ ಹೊರಟಾಗ ಅವರಿಗಿಂತ ಮೊದಲು ನುಡಿಸುವವರು ಯಾರು ಎಂದು ನೋಡಿ. ಅನೇಕ ಸಲ ಅವರನ್ನು ಆರಿಸುವುದು ಆ ಬ್ಯಾಂಡಿನವರೇ.

ಕಲಾವಿದರು ನಿಜವಾಗಿಯೂ ಇದ್ದಾರೆಯೇ

ಈಗ ಇದನ್ನು ಕೇಳಲೇಬೇಕು. ಎಐನಿಂದ ಮಾಡಿದ ಟ್ರ್ಯಾಕ್‌ಗಳು ದಿನಕ್ಕೆ ಸುಮಾರು 20,000, ಹೊಸದಾಗಿ ಬರುವ ಎಲ್ಲ ಸಂಗೀತದ ಶೇ. 18ರಷ್ಟು, ತನಗೆ ಬಂದು ಸೇರುತ್ತಿವೆ ಎಂದು ಡೀಜರ್ ಎಂಬ ಸ್ಟ್ರೀಮಿಂಗ್ ಕಂಪನಿ 2025ರ ಏಪ್ರಿಲ್‌ನಲ್ಲೇ ಹೇಳಿತ್ತು. ಕಷ್ಟಪಟ್ಟು ನುಡಿಸುವವರ ಜಾಗವನ್ನು ಇವು ನುಂಗುತ್ತವೆ. ಅನುಮಾನ ಬಂದರೆ ನಾಲ್ಕು ಕಡೆ ನೋಡಿ. ಹಾಡು ಬರೆದವರ, ನುಡಿಸಿದವರ ಹೆಸರುಗಳು ಕ್ರೆಡಿಟ್‌ನಲ್ಲಿವೆಯೇ? ವೇದಿಕೆಯಲ್ಲಿ ನುಡಿಸಿದ ದಿನಾಂಕ, ವಿಡಿಯೋ ಏನಾದರೂ ಇದೆಯೇ? ಎರಡು ತಿಂಗಳಲ್ಲಿ ಮೂರು ಪೂರ್ತಿ ಆಲ್ಬಂ ಬಂದಿದೆಯೇ? ಅವರ ಬಗ್ಗೆ ಮಾತಾಡುವ ಬೇರೆ ಸಂಗೀತಗಾರರು ಯಾರಾದರೂ ಇದ್ದಾರೆಯೇ? ಮುಖ ತೋರಿಸದ ನಿಜವಾದ ಕಲಾವಿದರೂ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಬೇಕಾದಷ್ಟಿದ್ದಾರೆ, ಆದ್ದರಿಂದ ಚಿತ್ರ ಇಲ್ಲ ಎಂಬುದೊಂದೇ ಸಾಲದು. ಕೊನೆಯ ಪ್ರಶ್ನೆಗೆ ಹೆಚ್ಚು ತೂಕ ಕೊಡಿ.

ದುಡ್ಡು ಕೊಟ್ಟು ಏರಿಸಿದ ಸಂಖ್ಯೆಗಳನ್ನೂ ಗುರುತಿಸಬಹುದು. ಸ್ಪಾಟಿಫೈನ ತಿಂಗಳ ಕೇಳುಗರ ಸಂಖ್ಯೆ 28 ದಿನದ್ದು. ಅದು ಎರಡು ಲಕ್ಷ ಇದ್ದು ಫಾಲೋ ಮಾಡುವವರು ಮುನ್ನೂರೇ ಇದ್ದರೆ, ಜನ ಹಾಡನ್ನು ಆರಿಸಿ ಕೇಳಿಲ್ಲ, ಯಾವುದೋ ಹಿನ್ನೆಲೆ ಪ್ಲೇಲಿಸ್ಟ್‌ನಲ್ಲಿ ಅದು ಓಡಿಹೋಗಿದೆ. ಇದಕ್ಕೆ ತದ್ವಿರುದ್ಧವಾಗಿ 900 ಕೇಳುಗರಿಗೆ 600 ಫಾಲೋ ಮಾಡುವವರಿದ್ದರೆ ಅಲ್ಲಿ ಏನೋ ಇದೆ, ಕೂತು ಕೇಳಿ. ಒಂದೇ ಹೆಸರಿನ ಇಬ್ಬರ ಹಾಡುಗಳು ಒಂದೇ ಪುಟದಲ್ಲಿ ಬೆರೆತುಹೋಗುವುದೂ ಸಾಮಾನ್ಯ. ಶೈಲಿ ಇದ್ದಕ್ಕಿದ್ದಂತೆ ಬದಲಾದರೆ ಲೇಬಲ್ ಹೆಸರು ನೋಡಿ ಬೇರ್ಪಡಿಸಿಕೊಳ್ಳಿ.

ಕೇಳುವುದೂ ಒಂದು ಕೆಲಸ

ಹುಡುಕಿದ್ದನ್ನು ಕೇಳದೆ ಬರೀ ಪಟ್ಟಿ ಬೆಳೆಸುತ್ತಾ ಹೋಗುವುದು ಎಲ್ಲರೂ ಬೀಳುವ ಹಳ್ಳ. ವಾರಕ್ಕೆ 90 ನಿಮಿಷ ಎರಡು ಭಾಗವಾಗಿ ಇಡಿ. ಶುಕ್ರವಾರ ಸಂಜೆ 45 ನಿಮಿಷ ಸೋಸುವಿಕೆ: ಇಮೇಲ್ ಫೋಲ್ಡರ್, ಬ್ಯಾಂಡ್‌ಕ್ಯಾಂಪ್ ಫೀಡ್, ರೇಡಿಯೋದಿಂದ ಬರೆದುಕೊಂಡದ್ದು, ಒಟ್ಟು ಹದಿನೈದು ಹೆಸರು. ಒಬ್ಬೊಬ್ಬರಿಗೆ ಮೂರು ನಿಮಿಷ: ಶುರುವಿನಲ್ಲಿ ಒಂದು, ಟ್ರ್ಯಾಕಿನ ನಡುವೆ ಒಂದು, ಬೇರೊಂದು ಟ್ರ್ಯಾಕಿನಲ್ಲಿ ಒಂದು. ಆ್ಯಂಬಿಯೆಂಟ್, ಡಬ್ ಟೆಕ್ನೋಗಳಿಗೆ ಈ ಅಳತೆ ಹಾಕಬೇಡಿ. ಏಳು ನಿಮಿಷದಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುವುದನ್ನು ಮೂರು ತುಂಡಲ್ಲಿ ಕೇಳಿದರೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಉಳಿದ ನಾಲ್ಕೈದು ಹೆಸರನ್ನು ಮೂರು ದಿನ ಬಿಟ್ಟು ಮತ್ತೆ 45 ನಿಮಿಷ ಕೂತು ಕೇಳಿ. ಆರನೇ ಕಾಲಂ ತುಂಬುವುದು ಆಗಲೇ. ಮೊದಲ ಸಲ ಕಿವಿಗೆ ಒರಟೆನಿಸಿದ್ದು ಎರಡನೇ ಸಲ ಬಿಡದೆ ಕಾಡುವುದು, ಮೊದಲ ಸಲ ಥಟ್ಟನೆ ಹಿಡಿಸಿದ್ದು ಎರಡನೇ ಸಲ ಸಪ್ಪೆಯಾಗುವುದು ಎರಡೂ ಆಗುತ್ತವೆ. ಆದ್ದರಿಂದ ಮೊದಲ ಕೇಳಿಕೆಯಲ್ಲೇ ಯಾರಿಗೂ ತೀರ್ಪು ಕೊಡಬೇಡಿ.

ಫೋನ್ ಸ್ಪೀಕರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತವನ್ನು ಅಳೆಯುವುದು ಅನ್ಯಾಯ. ಅಡಿಬೇಸ್ ಇರುವುದು 40ರಿಂದ 60 ಹರ್ಟ್ಸ್ ಸುತ್ತಮುತ್ತ, ಅಷ್ಟು ಕೆಳಗಿನ ಸದ್ದನ್ನು ಆ ಸ್ಪೀಕರ್ ಹೊರಡಿಸುವುದೇ ಇಲ್ಲ. ಸಾಧಾರಣ ಬೆಲೆಯ ವೈರ್ ಇರುವ ಹೆಡ್‌ಫೋನ್ ಸಾಕು. ಸದ್ದಿನ ಮಟ್ಟದ ಮೇಲೂ ಗಮನ ಇರಲಿ. ಸ್ಪಾಟಿಫೈ ಎಲ್ಲ ಟ್ರ್ಯಾಕ್‌ಗಳನ್ನೂ ಸುಮಾರು ಒಂದೇ ಮಟ್ಟಕ್ಕೆ ತಂದು ನುಡಿಸುತ್ತದೆ, ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಗಿಲ್ಲ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಟ್ರ್ಯಾಕ್ ಬದಲಾದಾಗಲೆಲ್ಲ ವಾಲ್ಯೂಮ್ ಅನ್ನು ಕೈಯಿಂದ ಸರಿಹೊಂದಿಸಿ.

ಸಿಕ್ಕ ಮೇಲೆ

ಎರಡನೇ ಕೇಳಿಕೆಯನ್ನೂ ದಾಟಿ ಉಳಿದವರ ಸಂಗೀತವನ್ನು ಕೊಂಡುಕೊಳ್ಳಿ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ತನ್ನ ಪಾಲೆಂದು ಶೇ. 15 ತೆಗೆದುಕೊಳ್ಳುತ್ತದೆ, ಪಾವತಿಯ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಅಥವಾ ಲೇಬಲ್‌ಗೆ. 2020ರ ಮಾರ್ಚ್‌ನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತದೆ. ಕೊಳ್ಳಬೇಕಾದ್ದನ್ನು ವಿಶ್‌ಲಿಸ್ಟ್‌ನಲ್ಲಿ ಇಟ್ಟು ಆ ದಿನ ಕೊಂಡರೆ ಅದೇ ದುಡ್ಡು ಹೆಚ್ಚು ತಲುಪುತ್ತದೆ. ಸ್ಪಾಟಿಫೈನಲ್ಲಿ 2024ರಿಂದ, 12 ತಿಂಗಳಲ್ಲಿ ಕನಿಷ್ಠ 1,000 ಸಲ ಸ್ಟ್ರೀಮ್ ಆಗದ ಟ್ರ್ಯಾಕ್‌ಗೆ ರಾಯಧನವೇ ಇಲ್ಲ. ನೀವು ಹುಡುಕುತ್ತಿರುವುದು ಇಂಥ ಟ್ರ್ಯಾಕ್ ಮಾಡುವವರನ್ನೇ. ಕೊಂಡಾಗ ಎರಡು ವಾಕ್ಯದ ಅಭಿಪ್ರಾಯ ಬರೆಯಿರಿ. ಐವತ್ತು ಪ್ರತಿ ಮಾರುವ ಕಲಾವಿದರು ಅದನ್ನು ಖಂಡಿತ ಓದುತ್ತಾರೆ. ನಿಮ್ಮ ಚಿತ್ರ ಒತ್ತಿ ಬರುವ ಮುಂದಿನ ಕೇಳುಗರಿಗೆ ನಿಮ್ಮ ಸಂಗ್ರಹವೂ ಒಂದು ಜಾಡಾಗುತ್ತದೆ.

ಕೊಂಡ ದಿನವೇ ಡೌನ್‌ಲೋಡ್ ಮಾಡಿ, ಸಾಧ್ಯವಿದ್ದರೆ ಧ್ವನಿಯ ಗುಣಮಟ್ಟ ಕುಗ್ಗದ ಫ್ಲ್ಯಾಕ್ ರೂಪದಲ್ಲಿ. ಹೊಸಬರು ಹೆಸರು ಬದಲಿಸುತ್ತಾರೆ, ಮೊದಲ ಇಪಿ ಬಗ್ಗೆ ಮುಜುಗರಪಟ್ಟು ಅಳಿಸಿಹಾಕುತ್ತಾರೆ, ಉಚಿತ ಖಾತೆಯ ಅಪ್‌ಲೋಡ್ ಮಿತಿ ತುಂಬಿದಾಗ ಸೌಂಡ್‌ಕ್ಲೌಡ್‌ನಿಂದ ಹಳೆಯದನ್ನು ತೆಗೆಯುತ್ತಾರೆ. ಫೈಲಿನ ಫೋಲ್ಡರ್‌ಗೆ ಕಲಾವಿದರ ಹೆಸರು, ಬಿಡುಗಡೆಯ ಹೆಸರು, ಲೇಬಲ್, ವರ್ಷ ಈ ಕ್ರಮದಲ್ಲಿ ಹೆಸರಿಡಿ. ಮುಂದೊಂದು ದಿನ ಆ ಪುಟವೇ ಇಲ್ಲವಾದರೂ ಆ ಕಲಾವಿದರು ಬೇರೆ ಹೆಸರಿನಲ್ಲಿ ಎಲ್ಲಿಗೆ ಹೋದರು ಎಂದು ಹುಡುಕಲು ಬೇಕಾದ ಸುಳಿವೆಲ್ಲ ಅದರಲ್ಲಿ ಇರುತ್ತದೆ.